ಶಾಲೆಗಳನ್ನು ಎಣಿಸಿದ ಯಾತ್ರಿಕ ಇಬ್ನ್ ಬತೂತಾ

ರಜೆ ಬಂತೆಂದರೆ ನಾವು ಪ್ರವಾಸ ಹೊರಡುತ್ತೇವೆ. ಹಳೆಯ ಕೋಟೆಯನ್ನೋ ಮಿನಾರವನ್ನೋ ನೋಡಿ, ಫೋಟೋ ತೆಗೆದು ಮರಳುತ್ತೇವೆ. ಆದರೆ ಒಂದು ಊರನ್ನು ನಿಜವಾಗಿ ನೋಡುವುದು ಹೇಗೆ? ಇದನ್ನು ಅರಿಯಲು ಏಳು ಶತಮಾನಗಳ ಹಿಂದೆ ನಮ್ಮ ಕರಾವಳಿಗೂ ಬಂದು ಹೋದ ಇಬ್ನ್ ಬತೂತಾ ಅವರ ಜೀವನವನ್ನು ಒಮ್ಮೆ ಗಮನಿಸಿರಿ.

ಅವರು 1304ರಲ್ಲಿ ಮೊರೊಕ್ಕೊದ ತಂಜಾ ನಗರದಲ್ಲಿ ಜನಿಸಿದರು. ಅವರದು ಖಾಝಿಗಳ ಮನೆತನ. ಮಾಲಿಕಿ ಕರ್ಮಶಾಸ್ತ್ರವನ್ನು ಅಭ್ಯಸಿಸಿದ ಅವರು 1325ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಹೆತ್ತವರನ್ನು ಅಗಲಿ ಹಜ್ಜ್ ಯಾತ್ರೆಗೆ ಏಕಾಂಗಿಯಾಗಿ ಹೊರಟರು. ಸಾಧ್ಯವಾದಷ್ಟು ಮಟ್ಟಿಗೆ ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯಬಾರದೆಂಬುದು ಅವರ ಸಂಕಲ್ಪವಾಗಿತ್ತು. ಹಜ್ಜ್ ಮುಗಿಸಿದ ಮೇಲೂ ಅವರು ಮನೆಗೆ ಮರಳಲಿಲ್ಲ. ಇರಾಕ್, ಇರಾನ್, ಯಮನ್, ಪೂರ್ವ ಆಫ್ರಿಕಾ, ತುರ್ಕಿ, ಮಧ್ಯ ಏಷ್ಯಾಗಳನ್ನು ಸುತ್ತಿ 1330ರ ದಶಕದಲ್ಲಿ ದೆಹಲಿ ತಲುಪಿದರು.

ಹಳೆಯ ಕಟ್ಟಡಗಳನ್ನು ಅವರು ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು ಎಂಬುದಕ್ಕೆ ಅಲೆಕ್ಸಾಂಡ್ರಿಯಾದ ದೀಪಸ್ತಂಭವೇ ಸಾಕ್ಷಿ. 1326ರಲ್ಲಿ ಅವರು ಅಲ್ಲಿಗೆ ಹೋದಾಗ ಆ ಪ್ರಾಚೀನ ಕಟ್ಟಡದ ಒಂದು ಪಾರ್ಶ್ವ ಮಾತ್ರ ಕುಸಿದಿತ್ತು. 1349ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಪುನಃ ಹೋದರೆ, ಒಳಗೆ ಕಾಲಿಡಲೂ ಸಾಧ್ಯವಾಗದಷ್ಟು ಅದು ಹಾಳಾಗಿತ್ತು. ಅವರು ಎರಡು ಸಲವೂ ಕಂಡದ್ದನ್ನು ದಾಖಲಿಸಿದರು. 1470ರ ದಶಕದಲ್ಲಿ ಅದೇ ಜಾಗದಲ್ಲಿ ಸುಲ್ತಾನ್ ಖಾಯಿತ್‌ಬಾಯ್ ಕೋಟೆ ಕಟ್ಟಿಸಿದರು. ಇಂದು ಆ ಸ್ತಂಭದ ಕೊನೆಗಾಲವನ್ನು ತಿಳಿಯಲು ವಿದ್ವಾಂಸರು ಇಬ್ನ್ ಬತೂತಾರ ಬರಹವನ್ನೇ ಆಶ್ರಯಿಸುತ್ತಾರೆ. ಬುಖಾರಾದಲ್ಲಿ ಅವರು ವಿದ್ವಾಂಸರ ಗೋರಿಗಳ ಮೇಲಿದ್ದ ಬರಹಗಳನ್ನೂ ನಕಲು ಮಾಡಿಕೊಂಡಿದ್ದರು. ಆದರೆ ಭಾರತದ ಸಮುದ್ರದಲ್ಲಿ ಕಡಲ್ಗಳ್ಳರು ದೋಚಿದಾಗ ಇತರ ವಸ್ತುಗಳೊಂದಿಗೆ ಆ ಹಾಳೆಗಳೂ ಹೋದವು.

ದೆಹಲಿಯಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿಯಾಗಿ ನೇಮಿಸಿದರು. ಕುತುಬ್ ಮಿನಾರ್ ಮತ್ತು ಅದರ ಬಳಿಯ ಕಬ್ಬಿಣದ ಕಂಬವನ್ನು ಅವರು ಅಲ್ಲಿ ಬೆರಗಿನಿಂದ ನೋಡಿದರು. 1340ರ ದಶಕದ ಆರಂಭದಲ್ಲಿ ಸುಲ್ತಾನರು ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದರು. ಆ ಪ್ರಯಾಣದಲ್ಲೇ ಅವರು ನಮ್ಮ ಕರಾವಳಿಯನ್ನು ಕಂಡರು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದುದನ್ನೂ, ಪರ್ಷಿಯಾ ಮತ್ತು ಯಮನ್‌ನ ವರ್ತಕರು ಮೆಣಸು, ಶುಂಠಿಗಾಗಿ ಬರುತ್ತಿದ್ದುದನ್ನೂ ಬರೆದರು. ಬಾರ್ಕೂರಿನ ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು. ಅರಸ ಹಿಂದೂವಾಗಿದ್ದರೂ ನೌಕಾಪಡೆಯ ನಾಯಕ ಮುಸ್ಲಿಮನಾಗಿದ್ದನು.

ಇನ್ನು ಹೊನ್ನಾವರ. ಅಲ್ಲಿ ಸುಲ್ತಾನ್ ಜಮಾಲುದ್ದೀನ್ ಆಳುತ್ತಿದ್ದರು. ಅಲ್ಲಿ ಯಾತ್ರಿಕರ ಮನಸ್ಸನ್ನು ಸೆಳೆದದ್ದು ಊರಿನ ಶಾಲೆಗಳು. ಅವರು ಅವುಗಳನ್ನು ಎಣಿಸಿದರು. ಹುಡುಗರಿಗೆ 23, ಹುಡುಗಿಯರಿಗೆ 13! ಅಲ್ಲಿನ ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಅಷ್ಟು ದೇಶಗಳನ್ನು ಸುತ್ತಿದ್ದ ಅವರಿಗೆ ಇಂತಹ ಊರು ಬೇರೆಲ್ಲೂ ಕಾಣಸಿಕ್ಕಿರಲಿಲ್ಲ.

ಮುಂದೆ ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಲುಕಿ, ಚೀನಾದ ದೊರೆಗೆಂದು ಒಯ್ಯುತ್ತಿದ್ದ ಉಡುಗೊರೆಗಳ ಹಡಗು ನಾಶವಾಯಿತು. ಆದರೂ ಅವರು ಎದೆಗುಂದಲಿಲ್ಲ. ಮಾಲ್ಡೀವ್ಸ್‌ನಲ್ಲಿ ಖಾಝಿಯಾದರು, ಶ್ರೀಲಂಕಾದಲ್ಲಿ ಆದಂ ಶಿಖರವನ್ನೇರಿದರು, ಬಂಗಾಳದ ಮೂಲಕ ಚೀನಾದತ್ತ ಸಾಗಿದರು. ಈ ಅಲೆದಾಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ತಂದೆ ತೀರಿಹೋಗಿ 15 ವರ್ಷಗಳಾದ ಬಳಿಕ ಆ ಸುದ್ದಿ ದಮಾಸ್ಕಸ್‌ನಲ್ಲಿ ತಲುಪಿತು. 1349ರಲ್ಲಿ ತಾಯ್ನಾಡಿಗೆ ಮರಳುವಷ್ಟರಲ್ಲಿ ತಾಯಿಯೂ ಪ್ಲೇಗ್‌ಗೆ ಬಲಿಯಾಗಿದ್ದರು.

ಆಮೇಲೆ ಸ್ಪೇನಿನ ಗ್ರನಾಡಾ ಹಾಗೂ ಆಫ್ರಿಕಾದ ಮಾಲಿ ರಾಜ್ಯವನ್ನು ನೋಡಿ ಬಂದ ಅವರು, ಸುಲ್ತಾನ್ ಅಬೂ ಇನಾನ್ ಅವರ ಆಜ್ಞೆಯಂತೆ ತಮ್ಮ ಅನುಭವಗಳನ್ನು ಹೇಳಿ ಬರೆಸಿದರು. ಇಬ್ನ್ ಜುಝೈ ಎಂಬ ವಿದ್ವಾಂಸರು ಬರೆದುಕೊಂಡ ಆ ಕೃತಿ 1355ರಲ್ಲಿ ಪೂರ್ಣವಾಯಿತು. ಅದೇ ಪ್ರಸಿದ್ಧವಾದ ರಿಹ್ಲಾ. ಅದರಲ್ಲಿ ಕೆಲವು ವರ್ಣನೆಗಳು ಹಿಂದಿನ ಯಾತ್ರಿಕ ಇಬ್ನ್ ಜುಬೈರ್ ಅವರ ಕೃತಿಯಿಂದ ಬಂದವು. ಚೀನಾದ ಕುರಿತಾದ ಭಾಗವನ್ನು ಪೂರ್ತಿ ನಂಬಲಾಗದೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಆದರೂ 14ನೇ ಶತಮಾನದ ಜಗತ್ತನ್ನು ಅರಿಯಲು ಇದಕ್ಕೆ ಸಮಾನವಾದ ಕೃತಿಗಳು ವಿರಳ. ಅವರು 1368 ಅಥವಾ 1369ರಲ್ಲಿ ಮೊರೊಕ್ಕೊದಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಇಬ್ನ್ ಬತೂತಾ ಕಂಡ ಅರಸರ ವೈಭವ ಇಂದಿಲ್ಲ. ಹೊನ್ನಾವರದ ಆ ಶಾಲೆಗಳೂ ಅಂದಿನ ಕಾಲದೊಂದಿಗೇ ಹೋದವು. ಆದರೆ ಅಲ್ಲಿ ಹೆಣ್ಣುಮಕ್ಕಳು ಕಲಿಯುತ್ತಿದ್ದರೆಂಬ ಸತ್ಯ, ಒಬ್ಬ ಯಾತ್ರಿಕ ಎಣಿಸಿ ಬರೆದ ಕಾರಣ ಉಳಿಯಿತು. ಹುಡುಗಿಯರಿಗೆ ಓದು ಬೇಡವೆಂದು ಯಾರಾದರೂ ಹೇಳಿದರೆ ಈ 13 ಶಾಲೆಗಳನ್ನು ನೆನಪಿಸಿರಿ. ಮುಂದಿನ ಸಲ ಬಾರ್ಕೂರಿನ ಕೋಟೆಯ ಅವಶೇಷಗಳ ಬಳಿಗೋ ಶರಾವತಿಯ ಅಳಿವೆಗೋ ಹೋದಾಗ ಫೋಟೋದ ಜೊತೆಗೆ ಒಂದು ನೋಟ್ ಪುಸ್ತಕವನ್ನೂ ಒಯ್ಯಿರಿ. ಕಂಡದ್ದನ್ನು, ದಿನಾಂಕ ಸಹಿತ, ಬರೆದಿಡಿರಿ. ನಾಳೆ ನಿಮ್ಮ ಊರಿಗೆ ಯಾತ್ರಿಕನೊಬ್ಬ ಬಂದರೆ, ಅವನು ಎಣಿಸಲು ಅಲ್ಲಿ ಏನಿರುತ್ತದೆ ಎಂಬುದನ್ನೂ ಯೋಚಿಸಿರಿ.