ಹಾಜಿ ಅಬ್ದುಲ್ಲಾ ಸಾಹೇಬರ ‘ಲಿಮಿಟೆಡ್’ ಕಂಪೆನಿ

ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದೂರ್ ಅಂದ್ರೆ ನಮ್ಮ ಯುವಕರಿಗೆ ದಾನಿ ಅಂತ ಗೊತ್ತು. ಉಡುಪಿಯಲ್ಲಿ ಹೆಂಗಸರು-ಮಕ್ಕಳ ಸರಕಾರಿ ಆಸ್ಪತ್ರೆಗೆ ಜಾಗ ಕೊಟ್ಟವರು. ಆದರೆ 1882ರಲ್ಲಿ ಹುಟ್ಟಿದ ಸಾಹೇಬರು ಇಪ್ಪತ್ತರ ಹರೆಯದಲ್ಲೇ ಕಂಪೆನಿ ಕಾನೂನನ್ನು ಊರಿನ ಕೆಲಸಕ್ಕೆ ಹೇಗೆ ಬಳಸಿಕೊಂಡರು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

1906ರ ಫೆಬ್ರವರಿಯಲ್ಲಿ ಅವರು ಊರವರಿಗೆ ಒಂದು ಸುತ್ತೋಲೆ ಹೊರಡಿಸಿದರು. ಜಾತಿ-ಧರ್ಮ ನೋಡದೆ ಎಲ್ಲರಲ್ಲೂ ಉಳಿತಾಯದ, ಸಹಕಾರದ ಅಭ್ಯಾಸ ಬೆಳೆಸಬೇಕು, ಇದೂ ಸ್ವದೇಶಿ ಕೆಲಸವೇ ಎಂಬುದು ಅದರ ಸಾರ. ಮಾರ್ಚ್ 12ಕ್ಕೆ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಶುರುವಾಯಿತು. ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಕೈಯಲ್ಲಿದ್ದದ್ದು ಬರೀ 38 ರೂಪಾಯಿ 13 ಆಣೆ 2 ಪೈ.

ಆ ‘ಲಿಮಿಟೆಡ್’ ಪದವೇ ಮುಖ್ಯ. 1882ರ ಇಂಡಿಯನ್ ಕಂಪೆನೀಸ್ ಆಕ್ಟ್ ಪ್ರಕಾರ ಏಳು ಜನ ಸೇರಿ ಕಂಪೆನಿ ನೋಂದಾಯಿಸಬಹುದಿತ್ತು. ಕಂಪೆನಿ ಮುಳುಗಿದರೆ ಷೇರುದಾರನ ಹೊಣೆ ಅವನ ಷೇರಿನ ಮೊತ್ತಕ್ಕಷ್ಟೇ; ಮನೆ, ಗದ್ದೆ ಹೋಗುವುದಿಲ್ಲ. ಹಾಗಾಗಿ ಸಣ್ಣ ವ್ಯಾಪಾರಿಯೂ ಧೈರ್ಯವಾಗಿ ಪಾಲುದಾರನಾಗಬಹುದು. (ಉದಗೀರದ ನಮ್ಮ ಓದುಗರಿಗೆ ಒಂದು ಮಾತು: ನಿಮ್ಮೂರು ಆಗ ನಿಜಾಮರ ಬೀದರ್ ಜಿಲ್ಲೆಯಲ್ಲಿತ್ತು, ಬ್ರಿಟಿಷರ ಈ ಕಾನೂನು ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ.) ಬಡ್ಡಿಯ ಪ್ರಶ್ನೆ ಏಳುವುದು ಸಹಜ, ಅದನ್ನು ಉಲಮಾಗಳ ಹತ್ತಿರ ಕೇಳಿ.

ಅದೇ ವರ್ಷ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್‌ನಾಟ್ ಕಂಪೆನಿ ಬಿದ್ದುಹೋಯಿತು. ದೊಡ್ಡ ಹೆಸರು, ಬಿಳಿಯರ ಆಡಳಿತ. ಆದರೆ ಅದು ನೋಂದಾಯಿತ ಲಿಮಿಟೆಡ್ ಕಂಪೆನಿಯಲ್ಲ, ಬರೀ ಪಾಲುದಾರಿಕೆ. ಒಳಗೆ ಏನು ನಡೀತಿದೆ ಅಂತ ಹಣ ಇಟ್ಟವರಿಗೆ ಗೊತ್ತೇ ಇರಲಿಲ್ಲ. ಸಾವಿರಾರು ಜನ ದುಡ್ಡು ಕಳಕೊಂಡರು, ಜಾರ್ಜ್ ಆರ್ಬತ್‌ನಾಟ್ ಜೈಲಿಗೆ ಹೋದರು. ಇವತ್ತು ಪರಿಚಯದವರು ಹೇಳಿದರು ಅಂತ ಕಾಗದಪತ್ರ ನೋಡದೆ ಸ್ಕೀಮುಗಳಿಗೆ ಗಲ್ಫಿನ ದುಡಿಮೆ ಹಾಕುವವರು ಈ ಎರಡು ಸಂಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಉಡುಪಿಯ ಬ್ಯಾಂಕ್ ಅವಸರ ಮಾಡಲಿಲ್ಲ. ಕುಂದಾಪುರದಲ್ಲಿ ಮೊದಲ ಶಾಖೆ ತೆರೆದದ್ದು 1923ರಲ್ಲಿ, ಮಂಗಳೂರಲ್ಲಿ 1926ರಲ್ಲಿ. ಸಾಹೇಬರು 1935ರಲ್ಲಿ ತೀರಿಕೊಂಡರು. ಸ್ಥಾಪಕ ಸತ್ತರೂ ಕಂಪೆನಿ ಸಾಯುವುದಿಲ್ಲ, ಕಾನೂನು ಅದಕ್ಕೆ ಬೇರೆಯೇ ಅಸ್ತಿತ್ವ ಕೊಟ್ಟಿದೆ. ಅದೇ ಬ್ಯಾಂಕ್ 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಸಾಹೇಬರ ಉಡುಪಿಯ ಮನೆಯನ್ನು ಬ್ಯಾಂಕ್ ಮ್ಯೂಸಿಯಂ ಮಾಡಿದೆ, ಹಳೆಯ ನಾಣ್ಯಗಳನ್ನೂ ಅಲ್ಲಿ ನೋಡಬಹುದು.