ಕತ್ತಲಲ್ಲಿ ಕಂಡ ಸಂಖ್ಯೆ

2147483647. ಒಂದು ಸಲ ಬಾಯಿಬಿಟ್ಟು ಓದಿ ನೋಡಿ: ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಇದು ಸಿಗುತ್ತದೆ. ಇದು ಅವಿಭಾಜ್ಯ ಅಂತ 1644ರಲ್ಲೇ ಫ್ರಾನ್ಸಿನ ಪಾದ್ರಿ ಮರ್ಸೆನ್ ಹೇಳಿದ್ದ. ಆದರೆ ಲೆಕ್ಕ ತೋರಿಸಿರಲಿಲ್ಲ. ಲೆಕ್ಕ ತೋರಿಸದೆ ಬರೀ ಉತ್ತರ ಬರೆದರೆ ನಮಗೂ ಅಂಕ ಕೊಡೋದಿಲ್ಲವಲ್ಲ! ಆ ಲೆಕ್ಕ ತೋರಿಸಿದವನಿಗೆ ಕಣ್ಣೇ ಕಾಣುತ್ತಿರಲಿಲ್ಲ.

ಲಿಯೊನಾರ್ಡ್ ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಪ್ಪ ಪಾದ್ರಿ. ಮಗನೂ ಪಾದ್ರಿಯಾಗಲಿ ಅಂತ ಅಪ್ಪನ ಆಸೆ. ಹುಡುಗನ ಬುದ್ಧಿ ಕಂಡ ಗಣಿತಜ್ಞ ಯೋಹಾನ್ ಬರ್ನೌಲಿ ಅಪ್ಪನನ್ನು ಒಪ್ಪಿಸಿದ. 1727ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆಯ್ಲರ್ ಕೆಲಸಕ್ಕಾಗಿ ಊರು ಬಿಟ್ಟು ದೂರದ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ.

ದೊಡ್ಡವರ ಮಾತನ್ನೂ ಭಾಗಿಸಿಯೇ ನೋಡುವ ಅಭ್ಯಾಸ ಆತನಿಗೆ ಮೊದಲಿನಿಂದಲೂ ಇತ್ತು. 4294967297 ಅವಿಭಾಜ್ಯ ಅಂತ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು 641ರಿಂದ ನಿಶ್ಶೇಷವಾಗಿ ಭಾಗಿಸಿ ತೋರಿಸಿದ.

1738ರ ಹೊತ್ತಿಗೆ ಬಲಗಣ್ಣು ಹೋಯಿತು. ನಡುವೆ 1741ರಿಂದ ಇಪ್ಪತ್ತೈದು ವರ್ಷ ಬರ್ಲಿನ್ನಿನಲ್ಲಿದ್ದು, 1766ರಲ್ಲಿ ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಎಡಗಣ್ಣನ್ನೂ ಪೊರೆ ಮುಚ್ಚಿತು. 1771ರಲ್ಲಿ ಮನೆಗೆ ಬೆಂಕಿ ಬಿತ್ತು. ಬಾಸೆಲ್‌ನವನೇ ಒಬ್ಬ ಒಳಗೆ ನುಗ್ಗಿ ಮುದುಕನನ್ನು ಹೆಗಲ ಮೇಲೆ ಹೊತ್ತು ತಂದ. ಅದೇ ವರ್ಷ ಕಣ್ಣಿಗೆ ಶಸ್ತ್ರಚಿಕಿತ್ಸೆಯೂ ಆಯಿತು. ಸ್ವಲ್ಪ ಕಾಲ ಬೆಳಕು ಕಂಡಿತು, ಆಮೇಲೆ ಮತ್ತೆ ಕತ್ತಲೆ.

ಕೆಲಸ ಮಾತ್ರ ನಿಲ್ಲಲಿಲ್ಲ. ಆತ ಹೇಳುತ್ತಿದ್ದ, ಬೇರೆಯವರು ಬರೆದುಕೊಳ್ಳುತ್ತಿದ್ದರು. ಮರ್ಸೆನ್ನನ ಸಂಖ್ಯೆಯ ಇತ್ಯರ್ಥವಾದದ್ದು ಮರುವರ್ಷ, 1772ರಲ್ಲಿ.

ಅದರ ವರ್ಗಮೂಲ ಸುಮಾರು 46340. ಅಷ್ಟರೊಳಗಿನ ಯಾವ ಅವಿಭಾಜ್ಯವೂ ಅದನ್ನು ಭಾಗಿಸದಿದ್ದರೆ ಸಾಕು. ಆದರೆ ಅಂಥವು 4700ಕ್ಕೂ ಹೆಚ್ಚಿವೆ! ಆಯ್ಲರ್ ಮೊದಲು ಯೋಚಿಸಿದ, ಆಮೇಲೆ ಭಾಗಿಸಿದ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇದ್ದದ್ದೇ ಆದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು ಅಂತ ಕಂಡುಕೊಂಡ. ಉಳಿದದ್ದು ಎಂಬತ್ತು ಚಿಲ್ಲರೆ. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ. ಮರ್ಸೆನ್ ಹೇಳಿದ್ದು ಈ ಸಲ ನಿಜವಾಗಿತ್ತು. (ಅದೇ ಪಟ್ಟಿಯಲ್ಲಿದ್ದ ಅರವತ್ತೇಳು ಎರಡುಗಳ ಸಂಖ್ಯೆ ಅವಿಭಾಜ್ಯವಲ್ಲ ಅಂತ 1876ರಲ್ಲಿ ಗೊತ್ತಾಯಿತು.)

ಇದರಿಂದ 2305843008139952128 ಎಂಬ ಪರಿಪೂರ್ಣ ಸಂಖ್ಯೆಯೂ ಸಿಕ್ಕಿತು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಅದೇ ಸಂಖ್ಯೆ ಬರುತ್ತದೆ. ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಅಂತ 1811ರಲ್ಲಿ ಇಂಗ್ಲೆಂಡಿನ ಬಾರ್ಲೋ ಬರೆದ. ಆ ಶತಮಾನ ಮುಗಿಯುವುದರೊಳಗೇ ಅದು ಸುಳ್ಳಾಯಿತು.

1783ರ ಸೆಪ್ಟೆಂಬರ್ 18ರಂದು, ಹೊಸದಾಗಿ ಕಂಡ ಯುರೇನಸ್ ಗ್ರಹದ ಪಥದ ಬಗ್ಗೆ ಮಾತಾಡಿದ್ದ ಆಯ್ಲರ್ ಅಂದೇ ತೀರಿಕೊಂಡ. ಆತನ ಸಂಖ್ಯೆ ಇವತ್ತು ಕಂಪ್ಯೂಟರಿನೊಳಗೆ ಕೂತಿದೆ: ಮೂವತ್ತೆರಡು ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಹಿಡಿಸುವಾಗ ಸಿಗುವ ಅತಿ ದೊಡ್ಡ ಸಂಖ್ಯೆ ಇದೇ. 1970ರಿಂದ ಸೆಕೆಂಡು ಎಣಿಸುತ್ತ ಬಂದ ಹಳೆಯ ಮಾದರಿಯ ಗಡಿಯಾರಗಳು 2038ರ ಜನವರಿ 19ರಂದು ಇಲ್ಲಿಗೇ ಬಂದು ಮುಗ್ಗರಿಸಲಿವೆ. ಆಗ ನೆನಪಿಸಿಕೊಳ್ಳಿ, ಆ ಸಂಖ್ಯೆಯನ್ನು ಮೊದಲು ಪೂರ್ತಿ ಅರಿತವನು ಅದನ್ನು ಕಾಗದದ ಮೇಲೆ ಓದಲಾರದವನಾಗಿದ್ದ.