ಕಂಕನಾಡಿಯ ಕರುಣಾಮಯಿ ಫಾದರ್ ಮುಲ್ಲರ್

ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸಿ, ತೂಗಿ, ಹೆಚ್ಚು ಕಡಿಮೆಯೆಂದು ತೀರ್ಪು ಕೊಡುವುದು ಮಾನವನಿಗೆ ಅಂಟಿದ ಹಳೆಯ ವ್ಯಾಧಿ. ಈ ವ್ಯಾಧಿಯನ್ನು ಗೆದ್ದು, ಲೋಕವು ಕೈಬಿಟ್ಟವರಲ್ಲಿಯೂ ದೇವರ ಪ್ರತಿರೂಪವನ್ನು ಕಂಡ ಮಹನೀಯರಲ್ಲಿ ಮಂಗಳೂರಿನ ಫಾದರ್ ಮುಲ್ಲರ್ ಒಬ್ಬರು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅವರ ಬಾಳನ್ನು ಸ್ಮರಿಸುವುದು ಉಚಿತವಾಗಿದೆ.

ಆಗಸ್ಟಸ್ ಮುಲ್ಲರರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿ, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಗುರುಗಳ ತಂಡದಲ್ಲಿ ಒಬ್ಬರಾಗಿದ್ದರು. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಓಡತೊಡಗಿತ್ತು. ಮಂಗಳೂರಿಗೆ ರೈಲು ತಲುಪಿದುದು 1907ರಲ್ಲಿ. ಅಂತಹ ದೂರದ ಕಡಲತಡಿಯೇ ಅವರ ಕರ್ಮಭೂಮಿಯಾಯಿತು.

1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಬೋಧಕರಾಗಿದ್ದರು. ಹೋಮಿಯೋಪಥಿ ವೈದ್ಯವನ್ನು ಬಲ್ಲವರಾದ್ದರಿಂದ ರೋಗಿಗಳು ಅವರನ್ನು ಅರಸಿ ಬರತೊಡಗಿದರು. ಅದೇ ವರ್ಷ ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಬಡವರಿಗಾಗಿ ಔಷಧಾಲಯವು ಮೊದಲಾಯಿತು. ಕೊಳ್ಳಬಲ್ಲವರಿಗೆ ಔಷಧಿಗಳನ್ನು ಮಾರಿ ಬಂದ ಹಣದಿಂದ, ಕೊಳ್ಳಲಾರದವರ ಸೇವೆ ನಡೆಯಿತು.

ಅವರ ಅಂತಃಕರಣದ ನಿಜವಾದ ಪರೀಕ್ಷೆಯಾದುದು ಕುಷ್ಠರೋಗಿಗಳ ಮುಂದೆ. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿಯೇ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದಿದ್ದರೂ, ಜನರು ಅದನ್ನು ಪಾಪದ ಫಲವೆಂದೇ ಬಗೆಯುತ್ತಿದ್ದರು. ರೋಗಿಯು ಮನೆಯಿಂದಲೂ ಊರಿನಿಂದಲೂ ಹೊರಗಾಗುತ್ತಿದ್ದನು. 1898ರಲ್ಲಿ ಬಂದ ಕಾನೂನು ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿತು; ಅದು ರದ್ದಾದುದು 2016ರಲ್ಲಿ. ಆ ಕಾನೂನು ಬರುವ ಎಂಟು ವರ್ಷ ಮೊದಲೇ, 1890ರಲ್ಲಿ, ಫಾದರ್ ಮುಲ್ಲರರು ಕಂಕನಾಡಿಯಲ್ಲಿ ಇಂಥವರಿಗೆ ಆಶ್ರಯಧಾಮವನ್ನು ತೆರೆದಿದ್ದರು.

ಕುಷ್ಠಕ್ಕೆ ನೆಚ್ಚಬಹುದಾದ ಔಷಧವು ದೊರೆತುದು 1940ರ ದಶಕದಲ್ಲಿ. ಆದುದರಿಂದ ಅವರು ಬರಮಾಡಿಕೊಂಡುದು ಗುಣವಾಗುವ ಭರವಸೆಯಿಲ್ಲದವರನ್ನು. ಗುಣವಾಗಿ ದುಡಿದು ಉಪಕಾರ ತೀರಿಸುವವನನ್ನು ಆದರಿಸುವುದು ಸುಲಭ. ಏನನ್ನೂ ಮರಳಿಸಲಾರದವನನ್ನು ಅಷ್ಟೇ ಗೌರವದಿಂದ ಕಾಣುವುದು ಕಠಿಣ. ಮನುಷ್ಯನ ಬೆಲೆಯು ಅವನ ಪ್ರಯೋಜನದಲ್ಲಿಲ್ಲ, ಅವನ ಇರವಿನಲ್ಲಿಯೇ ಇದೆ ಎಂಬುದನ್ನು ಅವರು ಪ್ರವಚನದಿಂದಲ್ಲ, ಸೂರು, ಅನ್ನ, ಆರೈಕೆಗಳಿಂದ ತೋರಿಸಿಕೊಟ್ಟರು. 1902ರಲ್ಲಿ ಪ್ಲೇಗ್ ರೋಗಿಗಳಿಗೂ ಆಸ್ಪತ್ರೆಯನ್ನು ಕಟ್ಟಿಸಿದರು.

1910ರ ನವೆಂಬರ್ 1ರಂದು ಅವರು ದೈವಾಧೀನರಾದರು. ಅಂದು ಸಕಲ ಸಂತರ ಹಬ್ಬ. ಹೆಸರಿರುವ ಸಂತರನ್ನೂ ಲೋಕವರಿಯದ ಸಂತರನ್ನೂ ಧರ್ಮಸಭೆಯು ಒಂದಾಗಿ ಕೊಂಡಾಡುವ ದಿನ. ಆಲದ ನೆರಳಿನ ಆ ಔಷಧಾಲಯವು ಇಂದು ಅವರ ಹೆಸರಿನ ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಸೀಮೆಯ ಶಹಾಬಾದ್ ಕಲ್ಲಿಗೆ ಅಳತೆಯುಂಟು, ದಪ್ಪವುಂಟು, ಅದಕ್ಕೆ ತಕ್ಕ ಬೆಲೆಯುಂಟು. ಅದನ್ನು ಗಣಿಯಿಂದ ಎತ್ತುವ ಕೈಗಳಿಗೆ ಅಂತಹ ಅಳತೆಗೋಲನ್ನು ಹಿಡಿಯಲಾಗದು. ಹಲವು ಭಾಷೆಯ, ಹಲವು ಕಸುಬಿನ ಜನರು ರೈಲಿನಿಂದ ಇಳಿದು ನೆಲೆಸಿದ ಊರು ನಮ್ಮದು. ದೇವಾಲಯದ ಬಾಗಿಲಿಗೆ ಬರುವವರು ಯಾರು, ಎಷ್ಟು ಕೊಟ್ಟರು, ಎಲ್ಲಿ ಕುಳಿತರು ಎಂದು ಎಣಿಸದೆ ಎಲ್ಲರನ್ನೂ ಆದರಿಸಿದೆವಾದರೆ, ಫಾದರ್ ಮುಲ್ಲರರ ಸ್ಮರಣೆಯು ಸಾರ್ಥಕವಾಗುವುದು.